ಶರಣುಗೆ ಪತ್ರ: ಕಾಕಾಗೆ ಲ್ಯಾಬ್ರಡಾರೋ, ಮುಧೋಳವೋ?

ಶರಣು,

ನಿನ್ನ ಅಪ್ಪ, ಅಂದರೆ ನಮ್ಮ ಕಾಕಾ, ಒಬ್ಬರೇ ಇರುವ ಮನೆಗೆ ಲ್ಯಾಬ್ರಡಾರ್ ತರಲಾ, ಮುಧೋಳ ಬೇಟೆನಾಯಿ ತರಲಾ ಅಂತ ನೀನು ಕೇಳಿದ್ದೆ. ಯಾವುದಕ್ಕೆ ಖರ್ಚು ಕಡಿಮೆ, ಯಾವುದಕ್ಕೆ ಕಾಯಿಲೆ ಕಡಿಮೆ, ಅಷ್ಟು ಹೇಳು ಸಾಕು ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಏಕೆಂದರೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಕಲಬುರಗಿಯ ಅಪ್ಪ ಅವ್ವನಿಗೆ ನಾಯಿ ಕೊಡಿಸಬೇಕು ಅಂದುಕೊಳ್ಳುವವನು ನೀನೊಬ್ಬನೇ ಅಲ್ಲ.

ಮೊದಲು ದುಡ್ಡಿನ ಮಾತು. ಮರಿಯ ಬೆಲೆ ನೋಡಿ ಲೆಕ್ಕ ಹಾಕಬೇಡ, ಅದು ಒಂದು ಸಲದ್ದು. 30 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ಪ್ಯಾಕೆಟ್ ಆಹಾರವೇ ಹಾಕಿದರೆ ತಿಂಗಳಿಗೆ ಹತ್ತು ಕಿಲೋ ಹತ್ತಿರ ಬೇಕು. ಸಾಧಾರಣ ಬ್ರ್ಯಾಂಡೇ ತಗೊಂಡರೂ ಸುಮಾರು 3,000 ರೂಪಾಯಿ ಹೋಗುತ್ತದೆ. ಮುಧೋಳ ಸಪೂರ ನಾಯಿ. ನಮ್ಮ ಕಡೆಯ ರೊಟ್ಟಿ, ಮೊಸರು, ಮೊಟ್ಟೆ ತಿಂದುಕೊಂಡೇ ಬೆಳೆದ ಜಾತಿ ಅದು. ಲಸಿಕೆಗೆ ಇಬ್ಬರಿಗೂ ಒಂದೇ ಖರ್ಚು. ಮರಿ ಆರೆಂಟು ವಾರದ್ದಾದಾಗ ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆಗಳ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್, ಆಮೇಲೆ ಡಾಕ್ಟರ್ ಹೇಳಿದ ಹಾಗೆ. ಉಣ್ಣಿ ಔಷಧಿಯಲ್ಲಿ ಮಾತ್ರ ಉಳಿತಾಯ ಮಾಡಬೇಡ. ಉಣ್ಣಿ ಕಚ್ಚಿ ಬರುವ ಎರ್ಲಿಕಿಯಾ ಜ್ವರ ಜಾತಿ ನೋಡಿ ಬರುವುದಿಲ್ಲ. ರಕ್ತದ ಪ್ಲೇಟ್‌ಲೆಟ್ ಇಳಿದುಬಿಡುತ್ತದೆ, ಮೂಗಿನಿಂದ ರಕ್ತ ಬರಬಹುದು, ಮೂರು ನಾಲ್ಕು ವಾರ ಮಾತ್ರೆ ಕೊಡಬೇಕಾಗುತ್ತದೆ.

ಕಾಯಿಲೆಯ ಮಾತಿಗೆ ಬಂದರೆ ಲ್ಯಾಬ್ರಡಾರ್ ಮೊದಲು ಸೋಲುವುದು ಸೊಂಟದಲ್ಲಿ. ತೊಡೆಯ ಮೂಳೆ ಕೀಲಿನ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಇದು ತಂದೆ ತಾಯಿಯಿಂದ ಬರುತ್ತದೆ. ಮರಿ ಮಾರುವವನ ಹತ್ತಿರ ಅವುಗಳ ಸೊಂಟದ ಎಕ್ಸ್‌ರೇ ಇದೆಯಾ ಅಂತ ಕೇಳು, ಬಹಳ ಜನ ನಿನ್ನ ಮುಖ ನೋಡುತ್ತಾರೆ. ನಿಮ್ಮ ಮನೆಯ ಹಳೇ ಶಹಾಬಾದ್ ಫರಸಿ ಕಲ್ಲಿನ ನೆಲ ಪರವಾಗಿಲ್ಲ, ಬೇಸಿಗೆಯಲ್ಲಿ ತಂಪು ಬೇರೆ. ಆದರೆ ಹಾಲ್‌ನಲ್ಲಿ ನೀನು ಹೊಸದಾಗಿ ಹಾಕಿಸಿದ ನುಣುಪು ಟೈಲ್ಸ್ ಮೇಲೆ ಬೆಳೆಯುವ ಮರಿ ಜಾರಿ ಜಾರಿ ಓಡಿದರೆ ಆ ಕೀಲಿಗೆ ಒಳ್ಳೆಯದಲ್ಲ. ಚಾಪೆ ಹಾಕಿಸು. ಜೋತುಬಿದ್ದ ಕಿವಿಯೊಳಗೆ ಸೋಂಕು ಬೇಗ ಆಗುತ್ತದೆ, ತಪ್ಪದೆ ಒರೆಸಬೇಕು. ಇನ್ನು ನಮ್ಮ ಮೇ ತಿಂಗಳು. 43, 44 ಡಿಗ್ರಿ. ನಾಯಿ ನಮ್ಮ ಹಾಗೆ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ದಪ್ಪ ತುಪ್ಪಳದ, ಮೈ ತುಂಬಿದ ಲ್ಯಾಬ್ರಡಾರ್‌ಗೆ ಇದು ಬಹಳ ಕಷ್ಟ. ಕಾಕಾ ಸಂಜೆ ಐದಕ್ಕೆ ಶರಣಬಸವೇಶ್ವರ ಕೆರೆ ಕಡೆ ಹೊರಡುವವರು, ಅವರಿಗೆ ಹೇಳು: ಕೈಯ ಹಿಂಭಾಗ ರಸ್ತೆಗೆ ಇಟ್ಟು ಐದು ಸೆಕೆಂಡ್ ತಾಳಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಮುಧೋಳಕ್ಕೆ ಈ ತಾಪತ್ರಯ ಕಡಿಮೆ. ತೆಳು ಕೂದಲು, ಕೊಬ್ಬಿಲ್ಲದ ಮೈ, ಈ ಬಿಸಿಲಿನಲ್ಲೇ ಬೆಳೆದ ತಳಿ. 2005ರಲ್ಲಿ ಅದರ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದೇ ತಳಿಗೆ ಸಂಶೋಧನಾ ಕೇಂದ್ರ ಇದೆ. ನಡೆಸುವುದು ನಮ್ಮ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಒಂದು ಎಚ್ಚರ. ಇಂಥ ಸಪೂರ ಬೇಟೆನಾಯಿಗಳ ಮೈಯಲ್ಲಿ ಕೆಲವು ಅರಿವಳಿಕೆ ಔಷಧಿ ಜಾಸ್ತಿ ಹೊತ್ತು ಉಳಿಯುತ್ತವೆ, ಆಪರೇಷನ್ ಏನಾದರೂ ಇದ್ದರೆ ಡಾಕ್ಟರ್‌ಗೆ ಮೊದಲೇ ನೆನಪಿಸಬೇಕು. ಇನ್ನೊಂದು, ಅದಕ್ಕೆ ಓಟ ಬೇಕು. ಓಡುವ ಮೇಕೆಯೋ ಬೆಕ್ಕೋ ಕಣ್ಣಿಗೆ ಬಿದ್ದರೆ ಬೆಲ್ಟ್ ಹಿಡಿದವರು ಯಾರು ಅಂತ ಅದು ನೋಡುವುದಿಲ್ಲ. ಕಾಕಾ ಮಂಡಿ ನಿನಗೆ ಗೊತ್ತಲ್ವಾ. ಪಂಜರದಂಥ ಪುಟ್ಟ ಅಂಗಳದಲ್ಲಿ ಅದನ್ನು ಕಟ್ಟಿಹಾಕುವುದನ್ನಂತೂ ನಾನು ಒಪ್ಪುವುದಿಲ್ಲ.

ಇಲ್ಲಿಗೆ ಮುಗಿಸಬೇಕು ಅಂತಲೇ ಇದ್ದೆ. ಆದರೆ ನಿನಗಾಗಿ ಇದನ್ನೆಲ್ಲ ಓದುತ್ತಾ ಕೂತಾಗ ಒಂದು ಸಂಗತಿ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡು ಒಂದು ಅಧ್ಯಯನ ಮಾಡಿದರು, 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಕೀಲು ನೋವೂ ತಡವಾಗಿ ಬಂತು. 2016ರಲ್ಲಿ ಕೇಂಬ್ರಿಡ್ಜ್‌ನವರು ಇನ್ನೊಂದು ಕಂಡುಹಿಡಿದರು. ಅವರು ನೋಡಿದ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಒಂದು ಜೀನ್‌ನಲ್ಲೇ ಕೊರತೆ, ಹಾಗಾಗಿ ಅದರ ಹಸಿವು ಜಾಸ್ತಿ. ಬೇಡುವ ಆ ಕಣ್ಣು ನಾಟಕ ಅಲ್ಲ, ನಿಜವಾದ ಹಸಿವು.

ಓದಿದ ತಕ್ಷಣ ನನಗೆ ನೆನಪಾದದ್ದು ಅವ್ವ ಮತ್ತು ನಮ್ಮ ಮನೆಯ ಲ್ಯಾಬ್ರಡಾರ್ ಗುಂಡ. ಅವ್ವ ಊಟಕ್ಕೆ ಕೂತರೆ ಅರ್ಧ ರೊಟ್ಟಿ ಅವನಿಗೆ. ಬೇಡ ಅಂದರೆ "ಅದಕ್ಕ ಹಸಿವಾಗ್ಯಾದ, ಕಣ್ಣ ನೋಡು" ಅನ್ನುತ್ತಾಳೆ. ಗುಂಡನಿಗೆ ಈಗ ಒಂಬತ್ತು. ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತಾನೆ. ಈ ಜಾತಿಯ ಆಯಸ್ಸೇ ಹತ್ತು ಹನ್ನೆರಡು ವರ್ಷ. ಅಪ್ಪ ಹೋದ ದಿನದ ಬಗ್ಗೆ ಅವ್ವ ನನ್ನ ಹತ್ತಿರ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಗುಂಡನ ಕಿವಿ ಒರೆಸುತ್ತಾ ಅವನಿಗೆ ಎಲ್ಲಾ ಹೇಳುತ್ತಾಳೆ. ಅಪ್ಪ ಕೊನೆಗೆ ನೀರು ಕೇಳಿದ್ದು, ಇವಳು ತರುವಷ್ಟರಲ್ಲಿ ಆಗಿಹೋದದ್ದು, ಇವೆಲ್ಲ ನನಗೆ ಗೊತ್ತಾದದ್ದು ಬಾಗಿಲ ಈಚೆ ನಿಂತು ಕೇಳಿ. ಹಾಗಾಗಿ ಡಾಕ್ಟರ್ ಹತ್ತಿರ ಗುಂಡನಿಗೆ ಏನೇನು ಕೊಡಬಹುದೋ ಎಲ್ಲಾ ಕೊಡಿ ಅನ್ನುವಾಗ ನಾನು ಗುಂಡನಿಗಾಗಿ ಮಾತ್ರ ಕೇಳುತ್ತಿಲ್ಲ. ಅವನಾದ ಮೇಲೆ ಹೊಸ ಮರಿ ತಂದರೆ ಅಂತ ಅವ್ವನ 72ಕ್ಕೆ 12 ಕೂಡಿಸಿ ನೋಡಿದೆ. ಆ ಲೆಕ್ಕ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ, ಶರಣು. ರೊಟ್ಟಿ ಕಡಿಮೆ ಹಾಕು ಅಂತ ಅವಳಿಗೆ ಹೇಗೆ ಹೇಳಲಿ, ಅದು ಈಗಲೂ ತಿಳಿಯುತ್ತಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಇರಲಿ, ನಿನ್ನ ನಾಯಿಗೆ ಬರೋಣ.

ನೀನು ಊರಿಗೆ ವಾಪಸ್ ಬರುವವನಾದರೆ ಕಣ್ಣು ಮುಚ್ಚಿ ಮುಧೋಳ ತಗೋ, ದಿನಾ ಬೆಳಿಗ್ಗೆ ನೀನೇ ಓಡಿಸು, ಸೇಡಂ ಬಸ್ಸಿನ ಹಿಂದೆ ಓಡಿದ ಅಭ್ಯಾಸ ಇದ್ದೇ ಇದೆ. ಬರುವುದಿಲ್ಲ ಅಂದರೆ ಲ್ಯಾಬ್ರಡಾರ್, ಆದರೆ ಮರಿ ಬೇಡ. ನಾಲ್ಕೈದು ವರ್ಷದ, ಯಾರೋ ಸಾಕಲಾಗದೆ ಬಿಟ್ಟುಕೊಡುತ್ತಿರುವ ಶಾಂತ ನಾಯಿ ನೋಡೋಣ. ಸೊಂಟ ಹೇಗಿದೆ ಅಂತ ಅಷ್ಟು ಹೊತ್ತಿಗೆ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ, ಕಚ್ಚುವ ವಯಸ್ಸೂ ದಾಟಿರುತ್ತದೆ. ತಿಂಗಳ ಖರ್ಚು ಕಾಕಾ ಪಿಂಚಣಿಯಿಂದ ಬೇಡ, ನೀನೇ ಕಳಿಸು. ಕಾಕಾಗೆ ಆಗದ ದಿನ ಅದು ನಮ್ಮ ಮನೆಗೆ ಬರುತ್ತದೆ, ಇದನ್ನು ಎಲ್ಲರ ಎದುರಿಗೇ ಹೇಳುತ್ತಿದ್ದೇನೆ. ಮೊದಲು ಮಾತ್ರ ಕಾಕಾನ ಕೇಳು, ನಾಯಿ ಬೇಕಾ ಅಂತ. ಸುಮ್ನೆ ತಂದು ಬಾಗಿಲಲ್ಲಿ ನಿಲ್ಲಿಸಬೇಡ.

ಹೆಸರಿಡುವ ಕೆಲಸವನ್ನೂ ಅವರಿಗೇ ಬಿಡು. ಹಾಸ್ಟೆಲಿನ ಆಮೆಗೆ ನೀನು ಇಟ್ಟ ಹೆಸರು ವಾರ್ಡನ್ ಕಿವಿಗೆ ಬಿದ್ದ ಸಂಜೆ ನಮ್ಮ ಇಡೀ ಬ್ಯಾಚಿಗೆ ನೆನಪಿದೆ.

ನಿನ್ನ,
ಗುಂಡನ ಮನೆಯವನು