ಮಗಳಿಗೊಂದು ಪತ್ರ: ಗದ್ದಲವಿಲ್ಲದ ವಿಷಯದ ಬಗ್ಗೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಶಾಖದಿಂದ ವಿದ್ಯುತ್ ಹುಟ್ಟಿಸುವ ಥರ್ಮೋಎಲೆಕ್ಟ್ರಿಕ್ ವಸ್ತುಗಳ ಮೇಲೆ ಪಿಎಚ್.ಡಿ. ಮಾಡುವ ಮನಸ್ಸಿದೆ, ಆದರೆ ಜೊತೆಯವರೆಲ್ಲ ಬೇರೆ ವಿಷಯಗಳತ್ತ ಓಡುತ್ತಿರುವಾಗ ನಾನೊಬ್ಬಳೇ ಹಿಂದೆ ಉಳಿದೇನೇನೋ ಎಂಬ ಅಳುಕಿದೆ ಎಂದು ಬರೆದಿದ್ದೀಯೆ. ಅದನ್ನು ಓದುತ್ತಿದ್ದಂತೆ ನನಗೆ ನೆನಪಾದವರು ಅಮೆರಿಕದ ಭೌತವಿಜ್ಞಾನಿ ಮಿಲ್ಡ್ರೆಡ್ ಡ್ರೆಸೆಲ್‌ಹಾಸ್.

1930ರಲ್ಲಿ ನ್ಯೂಯಾರ್ಕಿನ ಬಡ ವಲಸಿಗರ ಮನೆಯಲ್ಲಿ ಹುಟ್ಟಿದ ಆಕೆ ಶಾಲಾ ಶಿಕ್ಷಕಿಯಾಗುವ ಎಣಿಕೆಯಿಂದ ಹಂಟರ್ ಕಾಲೇಜು ಸೇರಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ, ಮುಂದೆ 1977ರಲ್ಲಿ ನೊಬೆಲ್ ಪಡೆದ ರೊಸಾಲಿನ್ ಯಾಲೋ ಅವರು ಆಕೆಯನ್ನು ವಿಜ್ಞಾನದತ್ತ ತಿರುಗಿಸಿದರು. 1958ರಲ್ಲಿ ಶಿಕಾಗೊದಲ್ಲಿ ಪಿಎಚ್.ಡಿ. ಮುಗಿಸಿ, 1960ರಲ್ಲಿ ಎಂಐಟಿಯ ಲಿಂಕನ್ ಪ್ರಯೋಗಾಲಯ ಸೇರಿದ ಮೇಲೆ ಅವರು ಕೈಗೆತ್ತಿಕೊಂಡದ್ದು ನಮ್ಮ ಪೆನ್ಸಿಲ್ ಕಡ್ಡಿಯ ಗ್ರಾಫೈಟನ್ನು. ಕಷ್ಟ ಹೆಚ್ಚು, ಸ್ವಾರಸ್ಯ ಕಡಿಮೆ ಎಂದು ಬಹಳ ಮಂದಿ ಬಿಟ್ಟಿದ್ದ ವಿಷಯವದು. ನಾಲ್ಕು ಮಕ್ಕಳ ತಾಯಿಗೆ ಅದೇ ಅನುಕೂಲವಾಯಿತು; ಮಗುವಿಗೆ ಜ್ವರ ಬಂದು ಒಂದು ದಿನ ಮನೆಯಲ್ಲೇ ಉಳಿದರೂ ಅಷ್ಟರಲ್ಲಿ ಇನ್ನೊಬ್ಬರು ಅದನ್ನು ಮಾಡಿ ಮುಗಿಸುತ್ತಿರಲಿಲ್ಲ. (ಮಕ್ಕಳನ್ನು ನೋಡಿಕೊಳ್ಳಲು ದಶಕಗಳ ಕಾಲ ಒಬ್ಬ ನಂಬಿಕಸ್ಥ ಹೆಂಗಸಿದ್ದರು. ಇಂಥ ಸಂಗತಿಯನ್ನು ಜೀವನಚರಿತ್ರೆಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ನಿನ್ನನ್ನು ಅಜ್ಜಿಯ ಬಳಿ ಬಿಟ್ಟು ಕಾಲೇಜಿಗೆ ಓಡುತ್ತಿದ್ದ ನಾನು ಹಾಗೆ ದಾಟಲಾರೆ.)

ಮುಂದೆ ಕಾರ್ಬನ್ ನ್ಯಾನೋಟ್ಯೂಬುಗಳ, ಅಂದರೆ ಗ್ರಾಫೈಟಿನ ಒಂದು ಪದರವನ್ನು ಸುತ್ತಿದಂಥ ಅತಿ ಸಣ್ಣ ಕೊಳವೆಗಳ, ಸುದ್ದಿ ಎದ್ದಾಗ ಆ ಹಳೆಯ ಗ್ರಾಫೈಟ್ ಅಭ್ಯಾಸವೇ ಬಂಡವಾಳವಾಯಿತು. ಪದರವನ್ನು ಯಾವ ಓರೆಯಲ್ಲಿ ಸುತ್ತಲಾಗಿದೆ ಎಂಬುದರ ಮೇಲೆ ಕೊಳವೆ ಲೋಹದಂತೆಯೋ ಅರೆವಾಹಕದಂತೆಯೋ ವರ್ತಿಸುತ್ತದೆಂದು 1992ರಲ್ಲೇ ಲೆಕ್ಕ ಹಾಕಿ ತೋರಿಸಿದವರಲ್ಲಿ ಅವರೂ ಒಬ್ಬರು.

ಇನ್ನು ನಿನ್ನ ವಿಷಯ. ಕುದಿಯುವ ಸಾರಿನಲ್ಲಿ ಮರೆತಿಟ್ಟ ಸೌಟಿನ ಹಿಡಿ ಕೈ ಸುಡುವುದೇಕೆ ಎಂಬುದರಲ್ಲೇ ಅದರ ತೊಡಕಿದೆ: ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ಲೋಹ ಶಾಖವನ್ನೂ ಹರಿಯಗೊಡುತ್ತದೆ. ಶಾಖದಿಂದ ವಿದ್ಯುತ್ ಪಡೆಯಬೇಕಾದರೆ ಒಂದು ತುದಿ ಬಿಸಿಯಾಗಿ, ಇನ್ನೊಂದು ತಣ್ಣಗಿರಬೇಕು. ಅಂದರೆ ಎಲೆಕ್ಟ್ರಾನುಗಳಿಗೆ ದಾರಿ ಬಿಟ್ಟು ಶಾಖವನ್ನು ಮಾತ್ರ ತಡೆಯುವ ವಸ್ತು ಬೇಕು. 1950ರ ದಶಕದಿಂದ ಬಿಸ್ಮತ್ ಟೆಲ್ಯುರೈಡಿನಂಥ ವಸ್ತುಗಳ ಗುಣಾಂಕ (ಈ ಕೆಲಸಕ್ಕೆ ವಸ್ತು ಎಷ್ಟು ಒಳ್ಳೆಯದೆಂದು ಹೇಳುವ ಅಂಕಿ) 1ರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಇದೇ ವಸ್ತುವನ್ನು ಕೆಲವೇ ನ್ಯಾನೋಮೀಟರ್ ದಪ್ಪದ ಪದರವಾಗಿಯೋ ತಂತಿಯಾಗಿಯೋ ಮಾಡಿದರೆ ಎಲೆಕ್ಟ್ರಾನುಗಳ ವರ್ತನೆ ನಮಗೆ ಬೇಕಾದಂತೆ ಬದಲಾಗುತ್ತದೆ, ಶಾಖವನ್ನು ಹೊರುವ ಪರಮಾಣುಗಳ ಕಂಪನಗಳು ಪದರದ ಅಂಚುಗಳಿಗೆ ತಾಗಿ ಚದುರುತ್ತವೆ ಎಂದು ಡ್ರೆಸೆಲ್‌ಹಾಸ್ ಮತ್ತು ಅವರ ವಿದ್ಯಾರ್ಥಿ ಹಿಕ್ಸ್ 1993ರಲ್ಲಿ ತೋರಿಸಿದರು. ಆಗ ಡ್ರೆಸೆಲ್‌ಹಾಸ್ ಅವರಿಗೆ ವಯಸ್ಸು 60 ದಾಟಿತ್ತು. ನ್ಯಾನೋವಿಜ್ಞಾನಕ್ಕೆ ಕೊಡುವ 2012ರ ಕಾವ್ಲಿ ಪ್ರಶಸ್ತಿ ಬಂದದ್ದೂ ಈ ಬಗೆಯ ಕೆಲಸಕ್ಕೇ.

ಹಾಗೆಂದು ನಿನಗೆ ಹುಸಿ ಭರವಸೆ ಕೊಡಲಾರೆ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳು ಪ್ಲುಟೋನಿಯಂ ಶಾಖದಿಂದ ಇದೇ ವಿಧಾನದಲ್ಲಿ ವಿದ್ಯುತ್ ಪಡೆಯುತ್ತಿವೆ, ನಿಜ. ಆದರೆ ಕಾರಿನ ಹೊಗೆಕೊಳವೆಯಿಂದ ವ್ಯರ್ಥವಾಗುವ ಶಾಖವನ್ನು ಅಗ್ಗವಾಗಿ ಹಿಡಿಯುವುದು ಇನ್ನೂ ಸಾಧ್ಯವಾಗಿಲ್ಲ, ಬಿಸ್ಮತ್ ಟೆಲ್ಯುರೈಡಿಗೆ ಬೇಕಾದ ಟೆಲ್ಯುರಿಯಂ ಅಪರೂಪದ ಧಾತು ಬೇರೆ.

ಅರ್ಜಿ ಹಾಕುವ ಮೊದಲು ಒಂದು ವಿಷಯವನ್ನು ನೀನು ಸೇರಬೇಕೆಂದಿರುವ ಲ್ಯಾಬಿನ ಸೀನಿಯರ್‌ಗಳ ಬಳಿ ವಿಚಾರಿಸಿಕೊ. ತೆಳು ಪದರದ ಉಷ್ಣವಾಹಕತೆಯನ್ನು ಅಳೆಯುವುದೇ ಈ ಕ್ಷೇತ್ರದ ಅತಿ ಕಷ್ಟದ ಕೆಲಸಗಳಲ್ಲೊಂದು. ಅದಕ್ಕೆ ಬೇಕಾದ ಉಪಕರಣ ಆ ಲ್ಯಾಬಿನಲ್ಲೇ ಇದೆಯೇ, ಅಥವಾ ಬೇರೆಡೆ ಸರದಿ ಕಾಯಬೇಕೇ? ಉತ್ತರ ಬಂದ ಮೇಲೆ ನನಗೂ ಬರೆ.

ಇತಿ,
ನಿನ್ನ ಅಮ್ಮ