ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್‌ಗೆ ಹೊಂದದ ಟ್ಯೂಬ್ ಆಂಪ್ಲಿಫೈಯರ್ ಮಾರಿದ ಬಗ್ಗೆ ದೂರು

ಬಸವನಗುಡಿ, ಬೆಂಗಳೂರು
ಆಗಸ್ಟ್ 4

ಅಂಗಡಿಯ ವ್ಯವಸ್ಥಾಪಕರಿಗೆ,

ವಿಷಯ: ಜೂನ್ 14ರಂದು ಕೊಂಡ ಆಂಪ್ಲಿಫೈಯರ್ ವಾಪಸ್ ಪಡೆದು ಬದಲಿ ಅಥವಾ ಹಣ ಕೊಡುವ ಕುರಿತು

ಮಾನ್ಯರೇ,

ಜೂನ್ 14ರಂದು ನಿಮ್ಮ ಅಂಗಡಿಯಲ್ಲಿ 2,60,000 ರೂಪಾಯಿ ಕೊಟ್ಟು ಟ್ಯೂಬ್ ಆಂಪ್ಲಿಫೈಯರ್ ತಗೊಂಡೆ. 300ಬಿ ಟ್ಯೂಬಿನದು, ಚಾನೆಲ್‌ಗೆ ಒಂದೇ ಟ್ಯೂಬ್, 8 ವ್ಯಾಟ್. ಬರುವಾಗ ನನ್ನ ಸ್ಪೀಕರ್‌ನ ಕೈಪಿಡಿಯನ್ನೂ ತಂದಿದ್ದೆ. "ಇದು ಎಲೆಕ್ಟ್ರೋಸ್ಟಾಟಿಕ್, ಕೆಳಗೆ ಮಾತ್ರ ವೂಫರ್ ಇದೆ. ಇದಕ್ಕೆ ಹೊಂದುತ್ತಾ?" ಅಂತ ಎರಡು ಸಲ ಕೇಳಿದೆ. ನಿಮ್ಮವರು ಆ ಕೈಪಿಡಿ ತೆರೆಯಲೇ ಇಲ್ಲ. "ಟ್ಯೂಬಿಗೂ ಎಲೆಕ್ಟ್ರೋಸ್ಟಾಟಿಕ್‌ಗೂ ಹೇಳಿ ಮಾಡಿಸಿದ ಜೋಡಿ ಸಾರ್. ಇಂಗ್ಲೆಂಡಿನ ಕ್ವಾಡ್ ಕಂಪನಿಯವರು 1957ರಲ್ಲೇ ಹೀಗೆ ಮಾಡಿದ್ರು" ಅಂದರು. ಆ ಮಾತು ನಂಬಿ ಹಣ ಕಟ್ಟಿದೆ.

ಮನೆಯಲ್ಲಿ ಮೊದಲ ದಿನವೇ ಏನೋ ಸರಿಯಿಲ್ಲ ಅನ್ನಿಸಿತು. ನನ್ನ ಬಳಿ ಒಂದು ಹಳೇ ಸಂಗೀತ ಕಛೇರಿಯ ರೆಕಾರ್ಡಿಂಗ್ ಇದೆ. ಹಾಡುವ ಮುಂಚೆ ಅರ್ಧ ನಿಮಿಷ ಬರೀ ತಂಬೂರಿ. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿ ಸಿಕ್ಕಿಸಿದ ಸಣ್ಣ ದಾರದಿಂದ ಏಳುವ ಆ ಝೇಂಕಾರ ಇದೆಯಲ್ಲ, ಅದಕ್ಕೋಸ್ಕರವೇ ನಾನು ಈ ಸ್ಪೀಕರ್ ಕೊಂಡಿದ್ದು. ಹಾಳೆಗಿಂತ ತೆಳುವಾದ ಫಿಲ್ಮ್ ಅಲುಗಾಡಿ ಹುಟ್ಟುವ ಧ್ವನಿ, ಅಷ್ಟು ಸೂಕ್ಷ್ಮ. ನಿಮ್ಮ ಆಂಪ್ಲಿಫೈಯರ್ ಜೋಡಿಸಿದ ಮೇಲೆ ತಂಬೂರಿಗೆ ಕಂಬಳಿ ಹೊದಿಸಿದ ಹಾಗಾಯಿತು. ಶ್ರುತಿ ಕೇಳುತ್ತದೆ, ಝೇಂಕಾರ ಇಲ್ಲ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ವರ್ಷಗಟ್ಟಲೆ ಕೂತು ಕೇಳಿದ ಕಿವಿ ಇದು, ಇಷ್ಟು ವ್ಯತ್ಯಾಸ ಗೊತ್ತಾಗುತ್ತದೆ. ತನಿ ಆವರ್ತನದಲ್ಲಿ ಸ್ವಲ್ಪ ಸದ್ದು ಏರಿಸಿದರೆ ಮೃದಂಗದ ಪೆಟ್ಟೂ ಚಪ್ಪಟೆಯಾಗುತ್ತದೆ. 8 ವ್ಯಾಟ್ ಸಾಲುವುದಿಲ್ಲ.

ಫೋನ್ ಮಾಡಿದಾಗ "200 ಗಂಟೆ ಓಡಲಿ, ಟ್ಯೂಬ್ ಪಳಗಬೇಕು" ಅಂದಿರಿ. ದಿನಾ 5 ಗಂಟೆ ಹಾಕಿದೆ, 200 ದಾಟಿ ಎಷ್ಟೋ ದಿನವಾಯಿತು. ಆಮೇಲೆ ನಿಮ್ಮ ಟೆಕ್ನಿಷಿಯನ್ ಬಂದು ಸ್ಪೀಕರ್ ವೈರನ್ನು ಆಂಪ್ಲಿಫೈಯರ್‌ನ 8 ಓಮ್ ಟ್ಯಾಪಿನಿಂದ (ವೈರ್ ಸಿಕ್ಕಿಸುವ ಜಾಗ) 4 ಓಮ್ ಟ್ಯಾಪಿಗೆ ಬದಲಾಯಿಸಿದರು. ಪಾಪ, ಆ ಹುಡುಗ ಶ್ರದ್ಧೆಯಿಂದ ಕೆಲಸ ಮಾಡಿದ. ಒಂಚೂರು ಸುಧಾರಿಸಿತು, ಆದರೆ ಸದ್ದು ಇನ್ನೂ ಕುಗ್ಗಿತು.

ಕಾರಣ ಎರಡು ಕೈಪಿಡಿಗಳಲ್ಲೇ ಇದೆ. ಎಲೆಕ್ಟ್ರೋಸ್ಟಾಟಿಕ್ ಪ್ಯಾನೆಲ್ ಅಂದರೆ ಒಂದು ದೊಡ್ಡ ಕೆಪಾಸಿಟರ್. ಸ್ವರ ಮೇಲೆ ಹೋದಷ್ಟೂ ಅದರ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಇಳಿಯುತ್ತದೆ. ನನ್ನ ಸ್ಪೀಕರ್‌ದು 20,000 ಹರ್ಟ್ಸ್‌ನಲ್ಲಿ 1 ಓಮ್ ಅಂತ ಬರೆದಿದೆ. 10,000ದಲ್ಲಿ ಸುಮಾರು 2 ಓಮ್. ನಿಮ್ಮ ಆಂಪ್ಲಿಫೈಯರ್‌ನ ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್‌ನ ಓಮನ್ನು ಆಂಪ್ಲಿಫೈಯರ್ ಒಳಗಿನ ಓಮ್‌ನಿಂದ ಭಾಗಿಸಿದ ಸಂಖ್ಯೆ) 3. ಅಂದರೆ 8 ಓಮ್ ಟ್ಯಾಪಿನಲ್ಲಿ ಅದರೊಳಗೇ ಸುಮಾರು 2.7 ಓಮ್ ಇದೆ. ಸ್ಪೀಕರ್ 8 ಓಮ್ ತೋರಿಸುವ ಕಡೆ ವೋಲ್ಟೇಜಿನ ಮುಕ್ಕಾಲು ಪಾಲು ಸ್ಪೀಕರ್‌ಗೆ ಸೇರುತ್ತದೆ. 1 ಓಮ್‌ಗೆ ಇಳಿದ ಕಡೆ ಬರೀ ಕಾಲು ಪಾಲು. ಉಳಿದದ್ದು ಆಂಪ್ಲಿಫೈಯರ್‌ನಲ್ಲೇ ಉಳಿಯಿತು. ಝೇಂಕಾರ ಇರುವುದೇ ಆ ಮೇಲಿನ ಸ್ವರಗಳಲ್ಲಿ, ಅದು ಎಲ್ಲಿಂದ ಬರಬೇಕು? ಇದು ಎಷ್ಟು ಗಂಟೆ ಪಳಗಿಸಿದರೂ ಹೋಗುವ ದೋಷವಲ್ಲ.

ಟ್ಯೂಬನ್ನು ನಾನು ದೂರುತ್ತಿಲ್ಲ. ನನಗೆ ಟ್ಯೂಬೇ ಬೇಕು. ಕ್ವಾಡ್‌ನವರು ತಮ್ಮ 1957ರ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಜೊತೆ ಕೊಡುತ್ತಿದ್ದ ಕ್ವಾಡ್ 2 ಕೂಡ ಟ್ಯೂಬಿನದೇ. ಆದರೆ ಅದರಲ್ಲಿ ಎರಡು ಕೆಟಿ66 ಟ್ಯೂಬುಗಳು ಪುಶ್-ಪುಲ್ ಆಗಿ (ಒಂದು ತಳ್ಳಿದರೆ ಇನ್ನೊಂದು ಎಳೆಯುವ ಹಾಗೆ) ಕೆಲಸ ಮಾಡುತ್ತವೆ, ಒಳಗಿನ ಓಮ್ ಇಳಿಸುವ ಫೀಡ್‌ಬ್ಯಾಕ್ ಇದೆ, 15 ವ್ಯಾಟ್ ಕೊಡುತ್ತದೆ. ಸ್ಪೀಕರನ್ನೂ ಆಂಪ್ಲಿಫೈಯರನ್ನೂ ಮಾಡಿದ್ದು ಒಂದೇ ಕಂಪನಿ. ಆ ಜೋಡಿಯ ಹೆಸರು ಹೇಳಿ ನನಗೆ ಬೇರೆಯದೇ ಜಾತಿಯದನ್ನು ಮಾರುವುದು ಸರಿಯಾ? ಕಳೆದ ಭಾನುವಾರ ಅಕ್ಕನ ಮಗ ತನ್ನ ಇಎಲ್34 ಟ್ಯೂಬಿನ ಪುಶ್-ಪುಲ್ ಆಂಪ್ಲಿಫೈಯರ್ ಹೊತ್ತು ತಂದ. 40 ವ್ಯಾಟಿನದು, ಬೆಲೆ ಇದರ ಅರ್ಧವೂ ಇಲ್ಲ. ಅದೇ ಸ್ಪೀಕರ್, ಅದೇ ವೈರ್, ಅದೇ ರೆಕಾರ್ಡಿಂಗ್. ನಾಲ್ಕು ತಂತಿ ಮೀಟಿ ಮುಗಿಯುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಆಚೆ ಬಂದು, "ಈಗ ತಂಬೂರಿ ತಂಬೂರಿ ಥರ ಇದೆ" ಅಂದಳು.

ವಾಪಸ್ ತಗೊಳ್ಳಿ ಅಂದರೆ ಪೆಟ್ಟಿಗೆ ತೆರೆದಿದೆ, 30% ಕಳೆಯುತ್ತೇವೆ ಅನ್ನುತ್ತೀರಿ. ಅಂದರೆ 78,000 ರೂಪಾಯಿ. ಪೆಟ್ಟಿಗೆ ತೆರೆಯದೆ ಹೇಗೆ ಕೇಳುವುದು? ತಪ್ಪು ಸಲಹೆ ನಿಮ್ಮದು, ದಂಡ ನನಗೆ ಬೇಡ.

ಇದನ್ನು ವಾಪಸ್ ಪಡೆದು, ಫೀಡ್‌ಬ್ಯಾಕ್ ಇರುವ, 4 ಓಮ್ ಟ್ಯಾಪ್ ಇರುವ, ಕನಿಷ್ಠ 40 ವ್ಯಾಟಿನ ಪುಶ್-ಪುಲ್ ಟ್ಯೂಬ್ ಆಂಪ್ಲಿಫೈಯರ್ ಕೊಡಿ. ಈ ಸಲ ನನ್ನ ಮನೆಯಲ್ಲಿ, ನನ್ನ ಸ್ಪೀಕರ್‌ಗೇ ಹಾಕಿ ಕೇಳಿಸಬೇಕು. ಬೆಲೆ ಜಾಸ್ತಿಯಾದರೆ ವ್ಯತ್ಯಾಸ ಕೊಡುತ್ತೇನೆ. ಅಂಥದ್ದು ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ. 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ತಿಳಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡುತ್ತೇನೆ.

ಬಿಲ್ಲಿನ ಪ್ರತಿ ಮತ್ತು ಎರಡೂ ಕೈಪಿಡಿಗಳ ಆ ಪುಟಗಳ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಆಂಪ್ಲಿಫೈಯರ್, ಟ್ಯೂಬುಗಳು, ಥರ್ಮೋಕೋಲ್ ಸಮೇತ ಪೆಟ್ಟಿಗೆ ಎಲ್ಲ ಜೋಪಾನವಾಗಿದೆ. ಸಂಜೆ 5ರ ಮೇಲೆ ಮನೆಯಲ್ಲಿರುತ್ತೇನೆ, ಯಾವತ್ತು ಬಂದರೂ ಆಗುತ್ತದೆ.

ಇಂತಿ,
ನಿಮ್ಮ ಗ್ರಾಹಕ