ಜ್ಯೋತಿಷಿಗೂ ಒಂದು ಪ್ರಶ್ನೆ ಬೇಕು: ಮುಖ್ಯಮಂತ್ರಿಯವರಿಗೆ ಬಹಿರಂಗ ಪತ್ರ

ತಿಪಟೂರು
12 ಸೆಪ್ಟೆಂಬರ್ 2025

ಮಾನ್ಯ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಕಳೆದ ಭಾನುವಾರ, ಸೆಪ್ಟೆಂಬರ್ 7ರ ರಾತ್ರಿ, ಸಂಪೂರ್ಣ ಚಂದ್ರಗ್ರಹಣವಾಯಿತು. ಸಂಜೆ ಪಕ್ಕದ ಮನೆಗೆ ಹೋಗಿದ್ದೆ. ಆ ಮನೆಯ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟಿದ್ದರು, ನೀರಿನ ಕೊಡದ ಮೇಲೆ ದರ್ಭೆ ಇತ್ತು, ಟಿವಿಯಲ್ಲಿ ಸುದ್ದಿ ವಾಹಿನಿಯೊಂದು ಮಧ್ಯಾಹ್ನದಿಂದಲೂ ಗ್ರಹಣದ ವಿಶೇಷ ನಡೆಸುತ್ತಿತ್ತು. ಗ್ರಹಣ ಹಿಡಿಯುವ ಒಂಬತ್ತು ಗಂಟೆ ಮೊದಲೇ ಸೂತಕ ಆರಂಭವಾಗುತ್ತದೆಂದು ಟಿವಿಯಲ್ಲಿ ಕೂತ ಜ್ಯೋತಿಷಿಗಳು ಹೇಳಿದ್ದರಿಂದ ಆಕೆ ಮಧ್ಯಾಹ್ನ ಒಂದು ಗಂಟೆಯಿಂದ ತೊಟ್ಟು ನೀರನ್ನೂ ಕುಡಿದಿರಲಿಲ್ಲ. ಸೂರ್ಯ, ಭೂಮಿ, ಚಂದ್ರರ ಚಿತ್ರ ಬರೆದು ಹತ್ತನೆಯ ತರಗತಿಯಲ್ಲಿ ಪೂರ್ತಿ ಅಂಕ ಪಡೆದ ಹುಡುಗಿ ಅವಳು. ‘ನೀನೇ ಬರೆದಿದ್ದೆಯಲ್ಲಮ್ಮ, ಅದು ನೆರಳು ಕಣೆ’ ಎಂದೆ. ‘ಗೊತ್ತು ಸಾರ್, ಆದ್ರೆ ನ್ಯೂಸಲ್ಲೇ ಹೇಳ್ತಿದ್ದಾರಲ್ಲ’ ಎಂದಳು. ರಾತ್ರಿ 1.26ಕ್ಕೆ ಗ್ರಹಣ ಬಿಟ್ಟ ಮೇಲೆ ನೀರು ಕುಡಿದ ಆಕೆಯನ್ನು ಬೆಳಗ್ಗೆ ತಲೆಸುತ್ತೆಂದು ಆಸ್ಪತ್ರೆಗೆ ಕರೆದೊಯ್ದು ಡ್ರಿಪ್ ಹಾಕಿಸಬೇಕಾಯಿತು.

‘ನ್ಯೂಸಲ್ಲೇ’ ಎಂಬ ಆ ಮಾತು ನನ್ನನ್ನು ಈ ಪತ್ರ ಬರೆಯಲು ಕೂರಿಸಿದೆ. ಇದೇ ಮಾತನ್ನು ಅಜ್ಜಿಯೋ ಊರಿನ ಪುರೋಹಿತರೋ ಹೇಳಿದ್ದರೆ ಆಕೆ ಎದುರು ಮಾತಾಡಿ ಒಂದು ಲೋಟ ನೀರು ಕುಡಿಯುತ್ತಿದ್ದಳೇನೋ. ಮಳೆ, ಬೆಲೆ, ಪರೀಕ್ಷೆಯ ಫಲಿತಾಂಶ, ಚುನಾವಣೆಯ ಎಣಿಕೆ ಎಲ್ಲವನ್ನೂ ತಿಳಿಸುವ ಅದೇ ಮೇಜು, ಅದೇ ನಿರೂಪಕರು, ಅದೇ ಕೆಂಪು ಪಟ್ಟಿಯ ಕೆಳಗೆ ‘ಈ ರಾಶಿಯವರಿಗೆ ಗಂಡಾಂತರ’ ಎಂದು ಹೇಳಿದಾಗ, ಕೇಳುವವರಿಗೆ ಅದೂ ವಿಚಾರಿಸಿ ಖಚಿತಪಡಿಸಿಕೊಂಡ ಸುದ್ದಿಯಾಗಿಯೇ ತಲುಪುತ್ತದೆ. ತಮ್ಮ ಸಚಿವರೊಬ್ಬರು ಒಂದು ಅಂಕಿ ತಪ್ಪಿ ಹೇಳಿದರೆ ಹತ್ತು ಪ್ರಶ್ನೆ ಕೇಳುವ ನಿರೂಪಕರು, ಜ್ಯೋತಿಷಿ ಹನ್ನೆರಡು ರಾಶಿಗಳ ಕೋಟ್ಯಂತರ ಜನರ ಭವಿಷ್ಯವನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದಾಗ ‘ನಿಮಗೆ ಹೇಗೆ ಗೊತ್ತು’ ಎಂಬ ಒಂದೇ ಒಂದು ಪ್ರಶ್ನೆ ಕೇಳುವುದನ್ನೂ ನಾನು ಕಂಡಿಲ್ಲ. ಅವರು ಕೇಳುವುದು ‘ಇದಕ್ಕೆ ಪರಿಹಾರವೇನು ಗುರುಗಳೇ’ ಎಂದು.

ಇದರ ಬಿಸಿ ತಮಗೇ ತಟ್ಟಿದ್ದುಂಟು. 2016ರ ಜೂನ್‌ನಲ್ಲಿ ತಮ್ಮ ಅಧಿಕೃತ ಕಾರಿನ ಮೇಲೆ ಕಾಗೆ ಕುಳಿತ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿ, ಜ್ಯೋತಿಷಿಗಳನ್ನು ಕೂರಿಸಿಕೊಂಡು ವಾಹಿನಿಗಳು ಶನಿಯ ಚರ್ಚೆ ನಡೆಸಿದವು. ಬಳಿಕ ಕಾರು ಬದಲಾದಾಗ ಅದನ್ನೂ ಕಾಗೆಗೇ ಗಂಟುಹಾಕಿದವು, ತಾವು ಅಲ್ಲಗಳೆಯಬೇಕಾಯಿತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮಾತಿಗೆ ಸೊಪ್ಪು ಹಾಕದೆ ತಾವು ಅಲ್ಲಿಗೆ ಹಲವು ಬಾರಿ ಹೋಗಿಬಂದಿರಿ, ಐದು ವರ್ಷದ ಅವಧಿಯನ್ನು ಪೂರೈಸಿದಿರಿ. ಅಂದು ಅಪಶಕುನ ನುಡಿದವರನ್ನು ಯಾವುದಾದರೂ ವಾಹಿನಿ ಮರಳಿ ಕರೆದು ‘ಹೇಳಿದ್ದು ಏನಾಯಿತು’ ಎಂದು ವಿಚಾರಿಸಿದ್ದನ್ನು ನಾನು ನೋಡಿಲ್ಲ. ಆ ಲೆಕ್ಕ ಯಾರೂ ಇಡುವುದಿಲ್ಲವಾದ್ದರಿಂದಲೇ ಮರುದಿನ ಬೆಳಗ್ಗೆ ಅದೇ ಕುರ್ಚಿ ಅದೇ ವ್ಯಕ್ತಿಗೆ ಸಿಗುತ್ತದೆ.

ಲೆಕ್ಕ ಇಟ್ಟು ನೋಡಿದವರೂ ಇದ್ದಾರೆ. ಇದೇ ಮೇ ತಿಂಗಳಲ್ಲಿ ನಮ್ಮನ್ನಗಲಿದ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರು ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಮೊದಲಾದವರೊಂದಿಗೆ 2008ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ನಡೆಸಿದರು. ಓದಿನಲ್ಲಿ ಮುಂದಿರುವ 100 ಮಕ್ಕಳ ಮತ್ತು ಬುದ್ಧಿಮಾಂದ್ಯತೆಯಿರುವ 100 ಮಕ್ಕಳ ಜಾತಕಗಳನ್ನು ಬೆರೆಸಿ, ತಲಾ 40 ಜಾತಕಗಳನ್ನು ಜ್ಯೋತಿಷಿಗಳಿಗೆ ಕೊಟ್ಟು, ಯಾವುದು ಯಾರದ್ದೆಂದು ಗುರುತಿಸಲು ಕೇಳಿದರು. ಉತ್ತರ ಕಳುಹಿಸಿದ 27 ಮಂದಿಯ ಸರಾಸರಿ ಶೇ. 46, ಎಲ್ಲರಿಗಿಂತ ಹೆಚ್ಚು ಸರಿ ಹೇಳಿದವರದ್ದು 40ಕ್ಕೆ 24. ಇನ್ನೂರು ಜಾತಕಗಳನ್ನೂ ಪರಿಶೀಲಿಸಿದ ಒಂದು ಸಂಸ್ಥೆ 102ನ್ನು ಸರಿಯಾಗಿ ಹೇಳಿತು. ನಾಣ್ಯ ಚಿಮ್ಮಿದರೂ ಸುಮಾರು ಇಷ್ಟೇ ಬರುತ್ತದೆ. ಜಾತಕ ನಂಬುವವರನ್ನು ಎಲ್ಲಿಯೂ ಹೀಯಾಳಿಸದೆ, ಅವರ ಒಪ್ಪಿಗೆ ಪಡೆದು ನಡೆಸಿದ ಪರೀಕ್ಷೆ ಅದು. ನಮ್ಮ ವಾಹಿನಿಗಳು ಬಯಸಿದರೆ ಇಂಥದ್ದನ್ನು ಒಂದು ಸ್ಟುಡಿಯೋದಲ್ಲೇ ನಡೆಸಿ ತೋರಿಸಬಹುದು. ಜನ ಕಣ್ಣು ಕೀಳದೆ ನೋಡುತ್ತಾರೆಂದು ಮೂವತ್ತು ವರ್ಷ ಮಕ್ಕಳ ಮುಂದೆ ಪ್ರಯೋಗ ಮಾಡಿದ ಅನುಭವದಿಂದ ಹೇಳಬಲ್ಲೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಗ್ರಹಣದ ಸ್ಪರ್ಶ, ಮೋಕ್ಷಗಳ, ಅಂದರೆ ಅದು ಹಿಡಿಯುವ ಮತ್ತು ಬಿಡುವ, ಕಾಲವನ್ನು ಗಣಿಸುವುದು ಗಣಿತ. ಗ್ರಹಣ ಎಂಬುದು ನೆರಳಿನ ಆಟವೆಂದು ಆರ್ಯಭಟ ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ವಿವರಿಸಿದ್ದ. ಅದರಿಂದ ಕುಂಭ ರಾಶಿಯವರಿಗೆ ಸಾಲ ಹೆಚ್ಚುತ್ತದೆ ಎನ್ನುವುದು ಫಲ. ವಾಹಿನಿಗಳು ಗಣಿತದ ನಿಖರತೆಯನ್ನು ಪರದೆಯ ಒಂದು ಬದಿಗೆ ತೋರಿಸಿ ಇನ್ನೊಂದು ಬದಿಯಲ್ಲಿ ಫಲವನ್ನು ಮಾರುತ್ತವೆ. ಎರಡೂ ಒಂದೇ ಎಂದು ನೋಡುವವರು ತಿಳಿಯುವುದು ಅವರ ತಪ್ಪಲ್ಲ.

ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ರಾಜ್ಯ ನೋಡಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಗ್ಗೆ, ನಾನು ಶಾಲೆಯ ಅಂಗಳದಲ್ಲಿ ರಂಧ್ರ ಕೊರೆದ ಕಾಗದ ಅಂಟಿಸಿದ ಕನ್ನಡಿ ಹಿಡಿದು ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ತೋರಿಸುತ್ತಿದ್ದ ಅದೇ ಹೊತ್ತಿನಲ್ಲಿ, ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ತಿಪ್ಪೆಯ ಗುಂಡಿಯಲ್ಲಿ ಕುತ್ತಿಗೆಯವರೆಗೆ ಹೂತಿದ್ದರು. ಹೂತವರು ಆ ಮಕ್ಕಳ ಹೆತ್ತವರೇ. ಮಗು ನಡೆಯಲಿ ಎಂಬ ಆಸೆ ಬಿಟ್ಟರೆ ಅವರಲ್ಲಿ ಬೇರೇನಿರಲಿಲ್ಲ. ತಮ್ಮ ಸರ್ಕಾರ 2017ರಲ್ಲೇ ಅಂಗೀಕರಿಸಿದ್ದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಜಾರಿಗೆ ಬಂದದ್ದು ಅದರ ಮರುತಿಂಗಳು, 2020ರ ಜನವರಿಯಲ್ಲಿ.

ಆ ಕಾಯ್ದೆ ಜ್ಯೋತಿಷಿಗಳ ಸಲಹೆಯನ್ನು ಹೊರಗಿಟ್ಟಿದೆ. ಅದನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಮನೆಯಲ್ಲಿ ಜಾತಕ ಬರೆಸುವುದು, ಮುಹೂರ್ತ ನೋಡುವುದು ಅವರವರ ನಂಬಿಕೆ. ಸರ್ಕಾರ ಅಲ್ಲಿಗೆ ಕೈಹಾಕಬಾರದು. ಆದರೆ ಪ್ರಸಾರಕ್ಕೆ ಬೇರೆಯೇ ನಿಯಮವಿದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ 6ನೇ ನಿಯಮದ ಕಾರ್ಯಕ್ರಮ ಸಂಹಿತೆಯು ಮೂಢನಂಬಿಕೆ ಅಥವಾ ಕುರುಡು ನಂಬಿಕೆಯನ್ನು ಉತ್ತೇಜಿಸುವ ಕಾರ್ಯಕ್ರಮ ಪ್ರಸಾರವಾಗಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಪವಾಡ ಗುಣವುಳ್ಳದ್ದೆಂದು ತಾಯಿತದಂಥ ಯಂತ್ರಗಳನ್ನು ಮಾರುವ ಟಿವಿ ಜಾಹೀರಾತುಗಳು ಮಹಾರಾಷ್ಟ್ರದ ವಾಮಾಚಾರ ತಡೆ ಕಾಯ್ದೆಯಡಿ ಅಕ್ರಮವೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ತೀರ್ಪಿತ್ತಿದೆ.

ಮೂಢನಂಬಿಕೆಯನ್ನು ವಿರೋಧಿಸುವವರ ದನಿ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿಯನ್ನೇ ರಚಿಸಿದ್ದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಚುನಾವಣೆಗಳ ಹೊತ್ತಿನಲ್ಲಿ ಜ್ಯೋತಿಷಿಗಳಿಗೆ ಬಹುಮಾನದ ಸವಾಲು ಒಡ್ಡುತ್ತ ಬಂದಿದ್ದಾರೆ. ಗ್ರಹಣ ಕಾಲದಲ್ಲಿ ಬಯಲಿನಲ್ಲಿ ಊಟ ಮಾಡಿ ತೋರಿಸುವ ಗೆಳೆಯರ ಧೈರ್ಯವನ್ನು ಮೆಚ್ಚುತ್ತೇನೆ, ಆದರೆ ವಾಹಿನಿಗಳು ಅದನ್ನೂ ಒಂದು ಜಗಳದ ದೃಶ್ಯವಾಗಿ ತೋರಿಸಿ, ನಾಲ್ವರು ಜ್ಯೋತಿಷಿಗಳ ನಡುವೆ ಒಬ್ಬ ವಿಚಾರವಾದಿಯನ್ನು ಕೂರಿಸಿ, ಆತ ವಾಕ್ಯ ಮುಗಿಸುವ ಮೊದಲೇ ವಿರಾಮಕ್ಕೆ ಹೋಗುವುದನ್ನು ನೋಡಿ ನೋಡಿ ಮನಸ್ಸು ನೊಂದಿದೆ.

ಉಪಗ್ರಹ ವಾಹಿನಿಗಳ ಮೇಲಿನ ಅಂತಿಮ ಅಧಿಕಾರ ಕೇಂದ್ರದ್ದೆಂಬುದು ನನಗೆ ತಿಳಿದಿದೆ. ಆದರೂ ಕೇಬಲ್ ಕಾಯ್ದೆಯಡಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮತ್ತು ಪೊಲೀಸ್ ಆಯುಕ್ತರು ಅಧಿಕೃತ ಅಧಿಕಾರಿಗಳು. ಗ್ರಹಣದ ಹೆಸರಿನಲ್ಲಿ ಗರ್ಭಿಣಿಯರಿಗೆ, ಮಧುಮೇಹಿಗಳಿಗೆ ನೀರು, ಆಹಾರ ಬಿಡಲು ಹೇಳುವ ಪ್ರಸಾರದ ಬಗ್ಗೆ ನಾಗರಿಕರ ದೂರನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ದಾಖಲಿಸಿಕೊಂಡು ಕೇಂದ್ರದ ವಾರ್ತಾ ಸಚಿವಾಲಯಕ್ಕೆ ಕಳುಹಿಸಬೇಕೆಂದು ತಾವು ಒಂದು ಸುತ್ತೋಲೆ ಹೊರಡಿಸಬಹುದು. ಇನ್ನೊಂದು ಅಧಿಕಾರವಂತೂ ಪೂರ್ತಿ ತಮ್ಮದೇ. ವಾರ್ತಾ ಇಲಾಖೆ ತಮ್ಮ ಕೈಯಲ್ಲಿದೆ. ಅದು ವಾಹಿನಿಗಳಿಗೆ ಕೊಡುವ ಜಾಹೀರಾತಿನ ಹಣ ನಮ್ಮೆಲ್ಲರ ತೆರಿಗೆಯದು. ಕಾರ್ಯಕ್ರಮ ಸಂಹಿತೆಯನ್ನು ಪಾಲಿಸುವುದಾಗಿ ಬರೆದುಕೊಟ್ಟ ವಾಹಿನಿಗಳಿಗೆ ಮಾತ್ರ ಸರ್ಕಾರಿ ಜಾಹೀರಾತು ಎಂಬ ಷರತ್ತು ಹಾಕಿ. ಗ್ರಹಣದ ಹಿಂದಿನ ದಿನ ಆರೋಗ್ಯ ಇಲಾಖೆಯ ವೈದ್ಯರೊಬ್ಬರ ಎರಡು ನಿಮಿಷದ ಮಾತನ್ನು ಅದೇ ವಾಹಿನಿಗಳಲ್ಲಿ ಬಿತ್ತರಿಸಿ.

ಮುಂದಿನ ಚಂದ್ರಗ್ರಹಣ 2026ರ ಮಾರ್ಚ್ 3ರಂದು. ಅದರ ಕೊನೆಯ ಘಟ್ಟ ನಮ್ಮಲ್ಲಿ ಚಂದ್ರೋದಯದ ಹೊತ್ತಿಗೆ ಕಾಣುತ್ತದೆ. ಆ ವೇಳೆಗೆ ಪಕ್ಕದ ಮನೆಯ ಹುಡುಗಿ ಬಾಣಂತಿ, ಕಂಕುಳಲ್ಲಿ ನಾಲ್ಕು ತಿಂಗಳ ಕೂಸು ಇರುತ್ತದೆ. ಸುತ್ತೋಲೆಗೆ ಇನ್ನು ಸುಮಾರು ಆರು ತಿಂಗಳು ಸಮಯವಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ